ಬೇರೆ ನಕ್ಷತ್ರದ ರಾಜಕುಮಾರಿ

ಗಲ್ಫಿನಿಂದ ರಜೆಗೆ ಬಂದ ನನ್ನ ಗಂಡ ಮಗಳಿಗೆಂದು ಕಾಮಿಕ್ ಪುಸ್ತಕಗಳ ಒಂದು ಕಟ್ಟು ತಂದಿದ್ದರು. ಅದರ ನಾಯಕಿ ಬೇರೆ ನಕ್ಷತ್ರವೊಂದರ ರಾಜಕುಮಾರಿ. ಸಿಂಹಾಸನ ಕಳೆದುಕೊಂಡು ಭೂಮಿಗೆ ಬಂದವಳು. ಶತ್ರುಗಳು ಅಟ್ಟಿಸಿಕೊಂಡು ಬಂದರೆ ನೇರಳೆ ಬೆಳಕು ಹರಡಿ ಅವರ ಕಣ್ಣಿಗೆ ಇಲ್ಲದ್ದನ್ನು ತೋರಿಸುತ್ತಾಳೆ. ಬಂಡೆ ಬಾಗಿಲಾಗುತ್ತದೆ, ಪ್ರಪಾತ ದಾರಿಯಾಗುತ್ತದೆ. ಅರಂತೋಡಿನಲ್ಲಿ ನಮ್ಮ ಬಟ್ಟೆ ಅಂಗಡಿ ಇರುವುದು ರಸ್ತೆಗೆ ತಾಗಿಯೇ. ಐದನೇ ಕ್ಲಾಸಿನ ಮಗಳು ಶಾಲೆ ಬಿಟ್ಟು ಬಂದವಳೇ ಅಲ್ಲಿ ಕೂತು ಅದನ್ನೇ ಓದುತ್ತಿದ್ದಳು.

ಒಂದು ಸಂಜೆ ತಲೆ ಎತ್ತಿ, "ಉಮ್ಮಾ, ಎಂತ ಸುಟ್ಟು ಹೋಗುದು?" ಎಂದಳು. ಏನೂ ಸುಟ್ಟಿರಲಿಲ್ಲ. ಮತ್ತೆ ಗೋಡೆಯ ಕಡೆ ನೋಡಿ ನಕ್ಕಳು. "ರಾಜಕುಮಾರಿ ಬಂದಿದ್ದಾಳೆ. ಎಲ್ಲ ಕಡೆ ನೇರಳೆ ಬೆಳಕು ಉಂಟು, ನೋಡಿ."

ಸೀರೆ ಆರಿಸುತ್ತಿದ್ದ ಪಕ್ಕದ ಮನೆಯ ಅಕ್ಕ, "ಓದಿ ಓದಿ ಮರ್ಲು ಹಿಡಿದದ್ದು ಮಾರಾಯ್ತಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಗಳು ನಗುವಾಗ ತುಟಿಯ ಒಂದು ಬದಿ ಮಾತ್ರ ಎಳೆದಿತ್ತು.

ಆಮೇಲೆ ಆ ಸುಟ್ಟ ವಾಸನೆ ಅವಳಿಗೆ ಆಗಾಗ ಬರತೊಡಗಿತು. ಒಂದು ಶನಿವಾರ ಮಧ್ಯಾಹ್ನ ಪುಸ್ತಕ ಕೆಳಗಿಟ್ಟು ಅಂಗಡಿಯ ಮೆಟ್ಟಿಲಿಳಿದಳು. ಕರೆದೆ, ತಿರುಗಲಿಲ್ಲ. ಮಡಿಕೇರಿ ಕಡೆಯಿಂದ ಮರದ ಲಾರಿಯೊಂದು ಹಾರ್ನ್ ಹೊಡೆಯುತ್ತ ಇಳಿದು ಬರುತ್ತಿತ್ತು. ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಲಾರಿಯ ಗಾಳಿಗೆ ನನ್ನ ತಲೆಯ ಶಾಲು ಹಾರಿತು. ಮಗಳ ಕಣ್ಣು ತೆರೆದೇ ಇತ್ತು. ಆದರೆ ಅದರಲ್ಲಿ ಅವಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲಿ ರಸ್ತೆ ಇರ್ಲಿಲ್ಲ ಉಮ್ಮಾ," ಎಂದಳು, ನಿದ್ದೆಯಿಂದ ಎದ್ದವಳಂತೆ.

ಪುತ್ತೂರಿನ ಡಾಕ್ಟರ ಬಳಿಗೆ ಹೋಗುವಾಗ ಆ ಪುಸ್ತಕಗಳನ್ನೂ ಕೊಂಡುಹೋಗಿದ್ದೆ. "ಇದನ್ನೆಲ್ಲ ಸುಟ್ಟು ಹಾಕುದಾ ಡಾಕ್ಟ್ರೇ?"

"ಪುಸ್ತಕ ಎಂತ ಮಾಡಿದೆ? ಇದೂ ಒಂದು ಬಗೆಯ ಫಿಟ್ಸ್. ತಲೆಯೊಳಗೆ ಕಾಣುವ ಬೆಳಕಿಗೆ ಅವಳು ತನಗೆ ಗೊತ್ತಿದ್ದ ಹೆಸರು ಕೊಟ್ಟದ್ದು."

ಮಾತ್ರೆ ಶುರುವಾಯಿತು. ವಾಸನೆ ನಿಂತಿತು, ನೇರಳೆ ಬೆಳಕೂ ನಿಂತಿತು. ನಾನು ಸಮಾಧಾನದ ಉಸಿರು ಬಿಟ್ಟೆ. ಮಗಳು ಮಾತ್ರ ಹಾಸಿಗೆಯಲ್ಲಿ ಮುಖ ಮುಚ್ಚಿ ಅತ್ತಳು. "ಅವಳು ಈಗ ಬರುದೇ ಇಲ್ಲ."

ಎರಡು ವರ್ಷ ಹಾಗೆಯೇ ಕಳೆಯಿತು. ಮೊನ್ನೆ ಡಾಕ್ಟರು, ಮಾತ್ರೆಯನ್ನು ನಿಧಾನಕ್ಕೆ ಕಡಿಮೆ ಮಾಡಿ ನೋಡುವ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಮಗಳು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು:

"ಮಾತ್ರೆ ಬಿಟ್ಟರೆ ಅವಳು ಪುನಃ ಬರ್ಬಹುದಲ್ಲ ಉಮ್ಮಾ?"

"ಬಂದ್ರೆ ನನಗೆ ಕೂಡ್ಲೇ ಹೇಳ್ಬೇಕು," ಎಂದೆ.

ಅವಳು ನನ್ನಿಂದ ಸರಿದು, ಕಿಟಕಿಯ ಕಡೆ ತಿರುಗಿ ಕೂತಳು.