ಚಡ್ಡಿಯಲ್ಲಿ ಓಡಿದವನು

ನಮ್ಮ ವಠಾರದ ಬಾಗಿಲಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಎಲಾದಿಯೊನನ್ನು ಮೆಕ್ಸಿಕೊ ನಗರದ ಅರ್ಧ ಜನ ಹಿಂದಿನಿಂದ ನೋಡಿದ್ದಾರೆ. ಮುಖ ಗೊತ್ತಿದ್ದದ್ದು ನಮ್ಮ ಬೀದಿಯವರಿಗೆ ಮಾತ್ರ. ಎಂಬತ್ತರ ದಶಕದ ಪೋಲಿ ಹಾಸ್ಯದ ಸಿನಿಮಾಗಳಲ್ಲಿ ನಾಯಕನ ಬದಲು ಬೀಳುವುದು ಅವನ ಕೆಲಸವಾಗಿತ್ತು. ಹಾಸಿಗೆಯಲ್ಲಿ ಹೊರಳಾಡುವವನು ನಾಯಕ. ಗಂಡ ಬಂದನೆಂದು ಬಾಲ್ಕನಿಯಿಂದ ಹಾರಿ ಹಣ್ಣಿನ ಗಾಡಿಯ ಮೇಲೆ ಬೀಳುವವನು ಎಲಾದಿಯೊ. ಹಾಗೆ ಬಿದ್ದು ಪಕ್ಕೆಲುಬು, ಮೊಣಕೈ ಎಲ್ಲ ಮುರಿದುಕೊಂಡಿದ್ದ. ಥಿಯೇಟರಿನಲ್ಲಿ ಜನ ನಕ್ಕರೆ ಅವನಿಗೂ ಖುಷಿ.

ಅವನ ಜೀವದ ಗೆಳೆಯ ನಿಕನೋರ್ ಅದೇ ಸಿನಿಮಾಗಳಿಗೆ ದೀಪ ಹಿಡಿಯುತ್ತಿದ್ದ. ನಿಕನೋರನ ಹೆಂಡತಿ ಅಂಪಾರೊ ನಮ್ಮ ವಠಾರದಲ್ಲೇ ಹುಟ್ಟಿ ಬೆಳೆದವಳು.

ಎಂಬತ್ತನಾಲ್ಕರಲ್ಲಿ ರೋಮಾ ಬಡಾವಣೆಯ ಒಂದು ಹಳೆಯ ಮನೆಯಲ್ಲಿ ಚಿತ್ರೀಕರಣ ನಡೆದಿತ್ತು. ನಾಯಕಿ ಸುಲೇಮಾಳನ್ನು ಸಾಲ್ದಿವಾರ್ ಎಂಬ ಪೊಲೀಸ್ ಕಮಾಂಡರ್ ಇಟ್ಟುಕೊಂಡಿದ್ದ. ಹಾಸಿಗೆಯ ದೃಶ್ಯ ಬರೀ ನಟನೆಯಲ್ಲ ಎಂದು ಯಾರೋ ಅವನ ಕಿವಿ ಊದಿದ್ದರು. ಬೆಳಿಗ್ಗೆಯೇ ಕುಡಿದು ಬಂದ. ಆಗ ಅಂಗಳದಲ್ಲಿ ಕ್ಯಾಮೆರಾ ಓಡುತ್ತಿತ್ತು. ನಾಯಕನ ಗುಂಗುರು ಕೂದಲಿನ ಟೋಪನ್ ಹಾಕಿಕೊಂಡು, ಕೆಂಪು ಚುಕ್ಕೆಯ ಚಡ್ಡಿಯಲ್ಲಿ ಎಲಾದಿಯೊ ಓಡಿಬರಬೇಕು, ಹಿಂದೆ ಗಂಡನ ಪಾತ್ರದವನು ಸುಳ್ಳು ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಬರಬೇಕು. ಆ ಪಾತ್ರದವನನ್ನು ಕಮಾಂಡರ್ ಬಾಗಿಲ ಮರೆಯಲ್ಲೇ ನಿಜವಾದ ಪಿಸ್ತೂಲಿನ ಹಿಡಿಯಿಂದ ಬಾಯಿಗೆ ಬಡಿದು ಕೆಡವಿದ. ಟೋಪನ್ ಕಂಡು, ಓಡುತ್ತಿರುವವನೇ ನಾಯಕನೆಂದುಕೊಂಡ.

"ನಿಂತ್ಕೊಳ್ಳೋ ನಾಯಿನನ್ಮಗನೆ!"

ಬರೆದಿದ್ದ ಮಾತೂ ಹೆಚ್ಚುಕಡಿಮೆ ಅದೇ ಆಗಿದ್ದರಿಂದ ನಿರ್ದೇಶಕನಿಗೆ ಅನುಮಾನ ಬರಲಿಲ್ಲ. ಮೊದಲ ಗುಂಡು ಎಲಾದಿಯೊನ ಸೊಂಟದ ಮೂಳೆಯ ಅಂಚನ್ನು ಒಡೆಯಿತು. ಎಗರಿ ಬಿದ್ದ, ಎದ್ದ, ಒಂದು ಕಾಲು ಎಳೆಯುತ್ತಾ ಮತ್ತೆ ಓಡಿದ. ಎರಡನೆಯದು ಅವನನ್ನು ದಾಟಿ ನಿಕನೋರನ ಹೊಟ್ಟೆಗೆ ಹೊಕ್ಕಿತು. ದೀಪ ವಾಲಿತು, ಆಮೇಲೆ ಉರುಳಿ ಒಡೆಯಿತು. ನಿರ್ದೇಶಕ ಕಟ್ ಎಂದದ್ದು ಆಗಲೇ.

ಆಸ್ಪತ್ರೆಗೆ ಕಮಾಂಡರ್ ಹೂವು ಹಿಡಿದುಕೊಂಡು ಬಂದ. ಮಂಚದ ಅಂಚಿನಲ್ಲಿ ಕೂತು ಎಲಾದಿಯೊನ ಬ್ಯಾಂಡೇಜಿನ ಮೇಲೆ ಹೆಬ್ಬೆರಳು ಇಟ್ಟ.

"ಏನಾಯ್ತಪ್ಪಾ ನಿಂಗೆ?"

"ಬಾಲ್ಕನಿಯಿಂದ ಬಿದ್ದೆ."

ಬೆರಳು ಒಳಗೆ ಇಳಿಯಿತು. ಬಟ್ಟೆ ಕೆಂಪಾಯಿತು.

"ನಿನ್ನ ಸ್ನೇಹಿತಂಗೆ?"

"ದೀಪ... ದೀಪ ಮೈಮೇಲೆ ಬಿತ್ತು, ಸಾಹೇಬ್ರೆ."

"ಛೆ, ಪಾಪ," ಎಂದು ಕಮಾಂಡರ್ ಬೆರಳನ್ನು ಹೊದಿಕೆಗೆ ಒರೆಸಿ ಎದ್ದುಹೋದ.

ನಿಕನೋರ್ ಸತ್ತದ್ದು ದೀಪ ಬಿದ್ದು ಎಂದು ಪೊಲೀಸರ ಕಾಗದದಲ್ಲೂ ಬರೆದರು. ವಠಾರಕ್ಕೆಲ್ಲ ನಿಜ ಗೊತ್ತಿತ್ತು, ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ನಿರ್ಮಾಪಕ ಆ ದೃಶ್ಯವನ್ನು ಕತ್ತರಿಸಲಿಲ್ಲ. ಕಮಾಂಡರನ ಮುಖ ಕ್ಯಾಮೆರಾಕ್ಕೆ ಬಿದ್ದಿರಲಿಲ್ಲ, ಬರೀ ತೋಳು ಮತ್ತು ಪಿಸ್ತೂಲು. ಗುಂಡಿನ ಸದ್ದು ತೆಗೆದು ತುತ್ತೂರಿಯ ಸದ್ದು ಸೇರಿಸಿದರು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕೆಲವು ವರ್ಷಗಳ ನಂತರ ಕಮಾಂಡರನನ್ನು ಅವನ ಇಲಾಖೆಯವರೇ ಮಾಂಸ ಸುತ್ತಿದ ರೊಟ್ಟಿ ಮಾರುವ ಒಂದು ಟಾಕೊ ಗಾಡಿಯ ಮುಂದೆ ಹೊಡೆದು ಹಾಕಿದರು. ಸುದ್ದಿ ಕೇಳಿದ ಎಲಾದಿಯೊ ಕುಂಟಿಕೊಂಡು ಹೋಗಿ, ನೀರು ಹಾಕಿ ತೊಳೆಯುವ ಮುಂಚೆ ರಕ್ತ ನೋಡಿ ಬಂದ.

"ಸಮಾಧಾನ ಆಯ್ತೇನಯ್ಯ?" ಎಂದು ನಾನು ಕೇಳಿದೆ.

"ಇಲ್ಲ. ಮಾಂಸದ ವಾಸ್ನೆಗೆ ಹಸಿವಾಯ್ತು," ಎಂದ.

ಅಷ್ಟರಲ್ಲಿ ಅವನು ಅಂಪಾರೊಳನ್ನು ಮದುವೆಯಾಗಿದ್ದ. ನಿಕನೋರ್ ಸತ್ತಾಗ ಅವಳು ಗೋಡೆಗೆ ತಲೆ ಚಚ್ಚಿಕೊಂಡು ಹಣೆ ಒಡೆದುಕೊಂಡಿದ್ದಳು. ಅವಳನ್ನು ಮತ್ತೆ ಊಟಕ್ಕೆ ಕೂರಿಸಿದ್ದು ಎಲಾದಿಯೊನ ಒಂದೇ ಮಾತು: "ಅವಂಗೆ ನೋವೇ ಗೊತ್ತಾಗ್ಲಿಲ್ಲ ಕಣೆ. ದೀಪ ಆರಿದ ಹಾಗೆ ಹೋಗ್ಬಿಟ್ಟ." ಟಿವಿಯಲ್ಲಿ ಆ ಸಿನಿಮಾ ಬರುವ ಭಾನುವಾರ, ಅವಳ ಕಣ್ಣಿಗೆ ಬೀಳಬಾರದೆಂದು, ಅವನು ಇಡೀ ವಠಾರದ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಾವು ಬೈದು ಸುಮ್ಮನಾಗುತ್ತಿದ್ದೆವು.

ಅವನ ಎಪ್ಪತ್ತನೇ ಹುಟ್ಟುಹಬ್ಬದ ಮಧ್ಯಾಹ್ನ ಅಂಗಳದಲ್ಲಿ ಊಟ. ಮೇಲಿನ ಮನೆಯ ಚಾಯೊಳ ಅಳಿಯ ಬೆಟೊ ಹೊಸಬ, ಒಳ್ಳೆಯ ಹುಡುಗ, ಏನೂ ತಿಳಿಯದವನು. "ನಮ್ಮ ಹಿರಿಯ ದೊನ್ ಎಲಾದಿಯೊಗೆ ಒಂದು ಉಡುಗೊರೆ!" ಎಂದು ದೊಡ್ಡ ಟಿವಿ ತಂದಿಟ್ಟು ಅದೇ ಸಿನಿಮಾ ಹಾಕಿಬಿಟ್ಟ. ಎಲಾದಿಯೊ ಆಗ ಅಂಗಡಿಯಲ್ಲಿ ಯಾವನದೋ ಟ್ಯಾಕ್ಸಿಯ ಟಯರ್ ಬಿಚ್ಚುತ್ತಿದ್ದ. ತುತ್ತೂರಿಯ ಸದ್ದು, ಹಿಂದೆಯೇ ನಗು ಕೇಳಿದ್ದೇ ತಡ, ಕೈಯಲ್ಲಿದ್ದ ಸಲಾಕೆ ಸಮೇತ ಒಳಗೆ ನುಗ್ಗಿದ.

ಬೆಟೊ ನಗುತ್ತಲೇ ತಿರುಗಿದ. ಸಲಾಕೆ ಅವನ ಮೂಗಿನ ಮೇಲೆ ಬಿತ್ತು. ಕೋಳಿಸಾರಿನ ಪಾತ್ರೆಯ ಮೇಲೆ ಉರುಳಿದ. ಅವನ ಅಣ್ಣ ಬಿಯರ್ ಬಾಟಲಿಯಿಂದ ಎಲಾದಿಯೊನ ಬಾಯಿಗೆ ಹೊಡೆದ. ನೆಲಕ್ಕೆ ಬಿದ್ದ ಮುದುಕನನ್ನು ಒದೆಯಲು ಹೋದವನ ಕಾಲನ್ನು ನಾನು ಹಿಡಿದೆ, ನನಗೂ ಒಂದು ಬಿತ್ತು. ಕುರ್ಚಿ ಮುರಿಯಿತು, ಹೆಂಗಸರು ಕಿರುಚಿದರು.

"ನಿಲ್ಲಿಸ್ರೋ!" ಅಂಪಾರೊ ಟಿವಿಯ ಮುಂದೆ ಒಬ್ಬಳೇ ನಿಂತಿದ್ದಳು. "ಬೆಟೊ, ಅದನ್ನ ಇನ್ನೊಂದ್ಸಲ ಹಾಕು ಮಗನೆ."

"ಬೇಡ ಕಣೆ, ಬೇಡ," ಎಂದ ಎಲಾದಿಯೊ, ಬಾಯಿ ತುಂಬ ರಕ್ತ.

ಬೆಟೊ ಮೂಗು ಒತ್ತಿಕೊಂಡು ಮತ್ತೆ ಹಾಕಿದ. ಚಡ್ಡಿಯವನು ಬಿದ್ದ, ಎದ್ದ, ಕಾಲೆಳೆದ. ಬೆಳಕು ವಾಲಿತು. ಪರದೆಯ ಅಂಚಿನಿಂದ ಒಂದು ಕೈ ಬಂದು ದೀಪದ ಕಂಬವನ್ನು ಹಿಡಿಯಿತು, ಜಾರಿತು, ಮತ್ತೆ ಹಿಡಿದು ಬೆಳಕನ್ನು ನೆಟ್ಟಗೆ ಮಾಡಿತು. ಆಮೇಲೆಯೇ ಎಲ್ಲವೂ ಉರುಳಿದ್ದು. ಇಷ್ಟು ವರ್ಷ ಅದನ್ನು ಯಾರೂ ನೋಡಿರಲಿಲ್ಲ. ಎಲ್ಲರ ಕಣ್ಣೂ ಚಡ್ಡಿಯ ಮೇಲೆ.

ಅಂಪಾರೊ ಬಂದು, ಒಡೆದಿದ್ದ ಆ ಬಾಯಿಯ ಮೇಲೆಯೇ ಎಲಾದಿಯೊಗೆ ಬಾರಿಸಿದಳು.

"ದೀಪ ಆರಿದ ಹಾಗೆ ಅಂದ್ಯಲ್ಲೋ! ಸತ್ತೋನು ಹಿಂಗೆ ಕಂಬ ಹಿಡ್ಕೋತಾನಾ? ಹೇಳು, ಎಷ್ಟೊತ್ತು ಇದ್ದ?"

"ಮಧ್ಯಾಹ್ನದ ತನ್ಕ. ನನ್ನ ಪಕ್ಕದಲ್ಲೇ ಬಿದ್ದಿದ್ದ. ಆಂಬುಲೆನ್ಸ್ ಕರೆಯೋಕೆ ಕಮಾಂಡರ್ ಬಿಡ್ಲಿಲ್ಲ."

"ಏನಂದ? ನನ್ನ ಹೆಸ್ರು ಹೇಳಿದ್ನಾ?"

ಎಲಾದಿಯೊ ರಕ್ತ ಉಗುಳಿ ನೆಲ ನೋಡಿದ. "ಇಲ್ಲ. ಬೈತಿದ್ದ. ಕಮಾಂಡರ್‌ನ, ನಿರ್ದೇಶಕನ್ನ, ಆಮೇಲೆ ನನ್ನ. 'ಅಷ್ಟು ದಪ್ಪ ಕುಂಡೆ ಇಟ್ಕೊಂಡು ಇನ್ನೊಂದು ಗುಂಡಿಗೂ ಅಡ್ಡ ಬರೋಕಾಗ್ಲಿಲ್ವೇನೋ ಮುಂಡೇದೆ' ಅಂದ. ಅದೇ ಕೊನೇ ಮಾತು."

ಅಂಪಾರೊಳ ಗಂಟಲಿನಿಂದ ಏನೋ ಸದ್ದು ಬಂತು. ಅಳು ಎಂದುಕೊಂಡೆವು. ಅವಳು ನಗುತ್ತಿದ್ದಳು. "ಅವನೇ. ಅದು ಅವನೇ," ಎನ್ನುತ್ತಾ ಎಲಾದಿಯೊನ ಅಂಗಿ ಹಿಡಿದು ಜಗ್ಗಿ ಜಗ್ಗಿ ನಕ್ಕಳು. ಅಳು ಬಂದದ್ದು ಎಷ್ಟೋ ಹೊತ್ತಿನ ಮೇಲೆ. ನಾವು ಒಬ್ಬೊಬ್ಬರಾಗಿ ಒಳಗೆ ಹೋದೆವು.

ನವೆಂಬರಿನಲ್ಲಿ ಸತ್ತವರ ಪೂಜೆಗೆ ಪಾದ್ರಿ ಹೆಸರು ಓದುವಾಗ, ಎಂದಿನಂತೆ "ಅಪಘಾತದಲ್ಲಿ ತೀರಿಕೊಂಡ ನಿಕನೋರ್" ಎಂದರು. ಅಂಪಾರೊ ಎದ್ದು ನಿಂತಳು.

"ಅಪಘಾತ ಅಲ್ಲ ಫಾದರ್. ಪೊಲೀಸಿನೋನು ಗುಂಡು ಹೊಡೆದು ಕೊಂದ. ಹಾಗೇ ಓದಿ."

ಪಾದ್ರಿ ತಡವರಿಸಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಎಲಾದಿಯೊನೂ ಬೆಂಚು ಹಿಡಿದು ಕಷ್ಟಪಟ್ಟು ಎದ್ದ, ಅವಳ ಪಕ್ಕದಲ್ಲಿ ನಿಂತ. ಪಾದ್ರಿ ಮತ್ತೆ ಮೊದಲಿನಿಂದ, ಅವಳು ಹೇಳಿದ ಹಾಗೇ ಓದಿದರು.