ಕಳವಳ ಸಾಹೇಬರ ಬಾಕಿ

ಕಳವಳ ಸಾಹೇಬರು ಒಂದು ಶಾಲೆಯ ಮಕ್ಕಳಿಗೆ ಒಂದು ಹೆಸರು ಬಾಕಿ ಉಳಿಸಿಕೊಂಡಿದ್ದಾರೆ: ಅವರ ತಲೆಯ ಮೇಲೆ ಬಾಂಬು ಹಾಕಿದ ಸೈನ್ಯದ ಹೆಸರು. ಯುದ್ಧದಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ಕಾಪಾಡಲೆಂದು ಹತ್ತಾರು ದೇಶಗಳು ಸೇರಿ ನಡೆಸುವ ಕಚೇರಿಯಲ್ಲಿ ಹೇಳಿಕೆ ಬರೆಯುವುದು ಅವರ ಕೆಲಸ; ಪ್ರತಿ ಹೇಳಿಕೆಯೂ ‘ತೀವ್ರ ಕಳವಳ’ದಿಂದಲೇ ಶುರುವಾಗುವುದರಿಂದ ಕ್ಯಾಂಟೀನಿನವರು ಅವರಿಗೆ ಈ ಅಡ್ಡಹೆಸರಿಟ್ಟರು. ಅವರ ಬರಹದಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಗೋಡೆ ತಾನಾಗಿ ಕುಸಿಯುತ್ತದೆ, ಮಕ್ಕಳು ತಾವಾಗಿ ಸಾಯುತ್ತಾರೆ, ಎರಡೂ ಕಡೆಯವರು ಸಂಯಮ ಕಾಯ್ದುಕೊಳ್ಳಬೇಕು. ಮನೆಯಲ್ಲಿ ಮಗ ತಂಗಿಯ ಜುಟ್ಟು ಹಿಡಿದು ಎಳೆದಾಡಿದರೂ ಅದೇ ರಾಗ. “ರೀ, ಎಳೆದವನು ನಿಮ್ಮ ಕಣ್ಣೆದುರಿಗೇ ನಿಂತಿದಾನೆ. ಅವನ ಹೆಸರು ಹೇಳೋಕೆ ಬಾಯಿಗೇನು ಬೀಗ ಬಿದ್ದಿದೆಯಾ?” ಎಂದು ಹೆಂಡತಿ ಗದರಿದರೆ, “ಇನ್ನೂ ವಿಚಾರಣೆ ಆಗಬೇಕು ಕಣೇ” ಎನ್ನುತ್ತಾರೆ. ಅವರ ಬಲಗಾಲಿನ ಬೂಟಿನ ಮೇಲೆ ನೀಲಿ ಬಣ್ಣದ ಕಲೆಯೊಂದಿದೆ; ದಿನವೂ ಪಾಲಿಶ್ ಹಾಕುವ ಸಾಹೇಬರು ಅದನ್ನು ಮಾತ್ರ ಉಜ್ಜುವುದಿಲ್ಲ. ಆ ಶಾಲೆಗೆ ಏಣಿ ಹಾಕಿ, ಆಕಾಶದಿಂದ ಕಾಣುವಂತೆ ಛಾವಣಿಯ ಮೇಲೆ ರಕ್ಷಣೆಯ ನೀಲಿ ಗುರುತು ಬಳಿದವರು ಅವರೇ. “ಇದನ್ನ ನೋಡಿದ್ರೆ ವಿಮಾನದವರು ನಿಮ್ಮನ್ನ ಮುಟ್ಟಲ್ಲ, ಹೆದರಬೇಡಿ ಮಕ್ಕಳೇ” ಎಂದು ಮಾತು ಕೊಟ್ಟವರೂ ಅವರೇ. ಬಾಂಬು ಸರಿಯಾಗಿ ಆ ಗುರುತಿನ ಮೇಲೆಯೇ ಬಿತ್ತು. ಆ ಯುದ್ಧದಲ್ಲಿ ವಿಮಾನ ಇರುವುದು ಒಂದೇ ಸೈನ್ಯಕ್ಕೆ. ಕಚೇರಿಗೆ ಎಲ್ಲರಿಗಿಂತ ಹೆಚ್ಚು ಹಣ ಕೊಟ್ಟು ಸಾಕುವುದೂ ಆ ಸೈನ್ಯದ ದೇಶವೇ. ಸಾಹೇಬರು ‘ಅಪರಿಚಿತ ವಿಮಾನ’ ಎಂದು ಬರೆದು ಕೈತೊಳೆದುಕೊಂಡರು. ಪಕ್ಕದೂರಿನ ಶಾಲೆಯ ಮೇಲೂ ಅದೇ ನೀಲಿ ಗುರುತಿದೆ, ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದಾರೆ. ಆ ಕಚೇರಿಯಲ್ಲಿ ನಿಮ್ಮ ದೇಶಕ್ಕೂ ಒಂದು ಕುರ್ಚಿಯಿದೆ. ಅದರಲ್ಲಿ ಕೂತವರ ಕೊರಳಪಟ್ಟಿ ಹಿಡಿದು ಆ ಹೆಸರು ಬರೆಸಿ.