ಎರಡನೆಯ ಸಾಲು

ಅರಕಲಗೂಡಿನ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರನ್ನು ಯಾರಾದರೂ ಹೆಸರು ಹಿಡಿದು ಕೂಗಿದರೆ, ಓಗೊಡುವ ಮುಂಚೆ ಅವರು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಅದೊಂದು ಚಾಳಿ ಅಂದುಕೊಂಡು ನಾವು ನಗುತ್ತಿದ್ದೆವು.

ಪಾಠದ ನಡುವೆ ವಿಭೂತಿ ಹಚ್ಚುವಂತೆ ಮೂರು ಬೆರಳು ಜೋಡಿಸಿ, "ಹೆಸರು ಒಂದೇ ಇರ್ಬೋದು, ಅಪ್ಪನ ಹೆಸರು ಒಂದೇ ಇರ್ಬೋದು, ಊರೂ ಒಂದೇ ಇರ್ಬೋದು. ಒಂದು ಪಟ್ಟೀಲಿ ಎರಡು ಸಾಲಿಗೆ ಮೂರೂ ಒಟ್ಟಿಗೇ ಒಂದೇ ಆಗ್ಬಾರ್ದು ಕಣ್ರಪ್ಪಾ" ಅನ್ನುತ್ತಿದ್ದರು.

ಒಂದು ದಿನ ಅದನ್ನು ತೋರಿಸಲು ತಾವೇ ಕುಳಿತರು. ಮೆಮೊರಿಯಲ್ಲಷ್ಟೇ ಉಳಿಯುವ, ಕಂಪ್ಯೂಟರ್ ಆರಿಸಿದರೆ ಅಳಿದುಹೋಗುವ ಪಟ್ಟಿ ಅದು. ತಮ್ಮ ಹೆಸರು, ತಂದೆಯ ಹೆಸರು, ಊರು ಮಲ್ಲಿಪಟ್ಟಣ ಎಂದು ತುಂಬಿದರು. ಸಾಲು ಕೂತಿತು. ಅದನ್ನೇ ಮತ್ತೊಮ್ಮೆ ತುಂಬಿದರು. ಈ ಸಾಲು ಆಗಲೇ ಇದೆ ಎಂದು ಕಂಪ್ಯೂಟರ್ ಒಪ್ಪಲಿಲ್ಲ.

"ನಿಮ್ಮನ್ನೇ ಯಾಕ್ ಸಾ ಎರಡ್ ಸಲ ಹಾಕಿದ್ರಿ?" ಅಂದೆ.

"ಮೊದಲ್ನೇದು ನಾನಲ್ಲ, ನಮ್ಮಣ್ಣ. ನಾ ಹುಟ್ಟೋಕ್ ಮುಂಚೇನೇ ಓಗ್ಬುಟ್ಟ. ಅವನೇ ಮತ್ತೆ ಬಂದ ಅಂತ ನಮ್ಮವ್ವ ನಂಗೂ ಅದೇ ಹೆಸರು ಇಟ್ಲು."

"ಅಂಗಾದ್ರೆ ಅವ್ರ ಸಾಲು ಅಳಿಸ್ಬುಡಿ ಸಾ, ನಿಮ್ದು ಕೂರುತ್ತೆ."

ಅವರು ಕೀಲಿಮಣೆಯಿಂದ ಕೈ ತೆಗೆದರು.

"ನಮ್ಮವ್ವ ಈಗ್ಲೂ ನನ್ನ ಕೂಗ್ತಾಳೆ. ನಾ ಬಂದು ಮುಂದೆ ನಿಂತ್ಮೇಲೂ ಬಾಗ್ಲು ಕಡೆ ನೋಡ್ತಾ ಇರ್ತಾಳೆ. ಆಮೇಲೆ 'ಬಂದ್ಯಾ ಮಗ, ಕೂತ್ಕೊ' ಅಂತಾಳೆ. ನಂಗಲ್ಲ."

ಮೇಷ್ಟ್ರ ಹೆಸರು ನನಗೆ ಚೆನ್ನಾಗಿ ನೆನಪಿದೆ. ಆದರೆ ಇಲ್ಲಿ ಬರೆದರೆ ಕೂಗಿದಂತಾಗುತ್ತದೆ. ಯಾರು ಓಗೊಡುತ್ತಾರೋ.